ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಬೇಡಿ: ಮದ್ದೂರು, ಮಳವಳ್ಳಿ, ಬನ್ನೂರಿನ ಮೂರು ದಿನ

ಹೊರಡೋದಕ್ಕೆ ಕಾರಣ ಒಂದು ಫೋನು. ಬನ್ನೂರಿನ ಹತ್ತಿರ ಅಪ್ಪನ 1 ಎಕರೆ 20 ಗುಂಟೆ ಜಮೀನಿದೆ. ಅಪ್ಪ ಹೋದ ಮೇಲೆ ನನ್ನ ಹೆಸರಿಗೆ ಬಂತು. ನಾನು ಮೈಸೂರಿನಲ್ಲಿ ಕುರ್ಚಿ ಮೇಲೆ ಕೂತು ದುಡಿಯುವವನು. ಜಮೀನನ್ನು ಊರಿನವರೇ ಒಬ್ಬರು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿನ ಮೇಲೆ, ಮಾಡುತ್ತಿದ್ದಾರೆ. ಮಾರ್ಚ್ ತಿಂಗಳ ಒಂದು ಬುಧವಾರ ಅವರು ಫೋನ್ ಮಾಡಿದರು. “ಕಬ್ಬು ಕಡಿದಾಯ್ತು, ಲಾರಿನೂ ಹೋಯ್ತು. ತರಗಿಗೆ ಬೆಂಕಿ ಕೊಟ್ಬುಡ್ಲಾ?”

ತರಗು ಅಂದರೆ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ಒಣ ಸೋಗೆ. ಹೂಂ ಅನ್ನುವುದರಲ್ಲಿದ್ದೆ. ಎದುರಿಗೆ ನನ್ನ ಸೋದರಮಾವ ಕಾಫಿ ಕುಡಿಯುತ್ತಾ ಕೂತಿದ್ದರು. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರಾದವರು, ಈಗಲೂ ಯಾರ ಮಾತನ್ನಾದರೂ ಮಧ್ಯದಲ್ಲಿ ತಿದ್ದುವ ಅಭ್ಯಾಸ. ಕೈ ಅಲ್ಲಾಡಿಸಿ ಬೇಡ ಅಂದರು. “ಭಾನುವಾರದವರೆಗೂ ತಡೀರಿ ಅನ್ನು.”

ಹಾಗೇ ಹೇಳಿ ಫೋನ್ ಇಟ್ಟೆ. ಯಾಕೆ ಮಾವ ಅಂತ ಕೇಳಿದೆ.

“ಆ ತರಗಿನೊಳಗೆ ಏನೇನಿದೆ ಅಂತ ಗೊತ್ತೇನೋ ನಿಂಗೆ? ಗೊತ್ತಿಲ್ಲದೆ ಹೂಂ ಅನ್ನಬಾರದು. ಹಕ್ಕಿ, ಪ್ರಾಣಿ ಜೊತೆ ಏಗಿಕೊಂಡು ಬೇಸಾಯ ಮಾಡೋರು ನಮ್ಮ ಕಡೆ ಬೇಕಾದಷ್ಟು ಜನ ಇದಾರೆ. ಒಂದು ಸುತ್ತು ನೋಡ್ಕೊಂಡು ಬರೋಣ. ಆಮೇಲೂ ಬೆಂಕಿ ಹಾಕಬೇಕು ಅನ್ನಿಸಿದ್ರೆ ಹಾಕು, ನಾನೇ ಕಡ್ಡಿ ಗೀರ್ತೀನಿ.”

ಶುಕ್ರವಾರ ಒಂದು ರಜೆ ಹಾಕಿದೆ. ತಯಾರಿ ಅಷ್ಟೇ.

ಮೊದಲ ದಿನ: ಕೊಕ್ಕರೆ ಬೆಳ್ಳೂರು

ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆವು. ನನ್ನ ಕಾರಿಗೆ ಹನ್ನೊಂದು ವರ್ಷ. ಎ.ಸಿ. ಹೋದ ಯುಗಾದಿಗೇ ಕೈಕೊಟ್ಟಿದೆ, ಕಿಟಕಿ ಇಳಿಸಿಕೊಂಡೇ ಹೋಗಬೇಕು. ಎಕ್ಸ್‌ಪ್ರೆಸ್‌ವೇ ಹತ್ತಿದರೆ ಮಂಡ್ಯ, ಮದ್ದೂರು ಯಾವಾಗ ಹಿಂದೆ ಹೋದವು ಅಂತಾನೇ ತಿಳಿಯೋದಿಲ್ಲ. ಅದಕ್ಕೆ ಊರೊಳಗಿನ ಹಳೇ ರಸ್ತೆಯಲ್ಲೇ ಹೋದೆವು. ಶ್ರೀರಂಗಪಟ್ಟಣ ದಾಟಿದ ಮೇಲೆ ಎರಡೂ ಕಡೆ ಕಬ್ಬು, ಗದ್ದೆ, ಮಧ್ಯೆ ಮಧ್ಯೆ ಆಲೆಮನೆ ಹೊಗೆ. ಒಂದು ಕಡೆ ಟ್ರ್ಯಾಕ್ಟರ್ ಕೆಸರು ಹೊಡೆಯುತ್ತಿತ್ತು, ಅದರ ಹಿಂದೆ ಬೆಳ್ಳಕ್ಕಿಗಳ ಮೆರವಣಿಗೆ. ಮದ್ದೂರಿನಲ್ಲಿ ಮಾವ ಎರಡು ವಡೆ ಅಲ್ಲೇ ತಿಂದು ನಾಲ್ಕು ಕಟ್ಟಿಸಿಕೊಂಡರು. ಆ ನಾಲ್ಕೂ ಮಧ್ಯಾಹ್ನದೊಳಗೆ ಖಾಲಿಯಾದವು, ನನಗೆ ಒಂದೂ ಸಿಗಲಿಲ್ಲ.

ಮದ್ದೂರು ದಾಟಿ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಿದರೆ ಸುಮಾರು 12 ಕಿ.ಮೀ. ರಸ್ತೆ ಚೆನ್ನಾಗಿದೆ, ಆದರೆ ಪ್ರತಿ ಊರಲ್ಲೂ ಹಂಪು, ಅದರ ಮೇಲೆ ಮಲಗಿರುವ ನಾಯಿ. ಒಂಬತ್ತು ಗಂಟೆಗೆ ಊರು ತಲುಪಿದೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದೊಡ್ಡ ಹುಣಸೆ ಮರ ಕಂಡಿತು, ಒಳ್ಳೇ ನೆರಳು. ಅಲ್ಲೇ ಕಾರು ನಿಲ್ಲಿಸಿದೆ.

ಇಳಿದು ಕತ್ತೆತ್ತಿದರೆ ಮರದ ತುಂಬಾ ಹಕ್ಕಿ. ಕಾಡಲ್ಲ, ಕೆರೆಯ ನಡುಗಡ್ಡೆಯೂ ಅಲ್ಲ. ಮನೆಗಳ ಮಧ್ಯೆ, ಹಿತ್ತಿಲಲ್ಲಿ, ದನದ ಕೊಟ್ಟಿಗೆ ಪಕ್ಕ. ಒಂದೊಂದು ಕೊಂಬೆಯಲ್ಲೂ ನಾಲ್ಕೈದು ಗೂಡು. ಹೆಜ್ಜಾರ್ಲೆ (ಪೆಲಿಕನ್) ಮರಿಗಳು ಅಮ್ಮನ ಗಂಟಲಿನೊಳಗೆ ತಲೆ ತೂರಿಸಿ ಮೀನು ಕೀಳುತ್ತಿದ್ದವು. ತಲೆಯಲ್ಲ, ಅರ್ಧ ಮೈಯೇ ಒಳಗೆ. ನೋಡಿದರೆ ತಾಯಿಯೇ ಮರಿಯನ್ನು ನುಂಗುತ್ತಿದೆಯೇನೋ ಅನ್ನಿಸುತ್ತದೆ. ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕು ಕುಟ್ಟುತ್ತಿದ್ದವು, ಒಣಗಿದ ಬಿದಿರು ಬಡಿದ ಹಾಗೆ ಸದ್ದು.

ಆಗ ಕಾರಿನ ಮೇಲೆ ಧಡ್ ಅಂತು. ಬಾನೆಟ್ ಮೇಲೆ ಒಂದು ಮೀನು, ಅರ್ಧ ಅರಗಿದ್ದು. ಅದರ ಹಿಂದೆಯೇ ಬಿಳೀ ಸುಣ್ಣದಂಥದ್ದು ಗಾಜಿನ ಮೇಲೆ ಉದ್ದಕ್ಕೆ ಇಳಿಯಿತು.

ಎದುರು ಜಗಲಿಯಲ್ಲಿ ಒಬ್ಬ ಅಜ್ಜಿ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಾ ಕೂತಿದ್ದರು. ನಗು ತಡೆಯೋಕಾಗದೆ ಸೆರಗು ಬಾಯಿಗೆ ಇಟ್ಟುಕೊಂಡರು. “ಮರದಡಿ ಯಾರಾದ್ರೂ ನಿಲ್ಲಿಸ್ತಾರಾ ಸಾಮಿ? ಹಾಲಿನ ಡೈರಿ ಹತ್ರ ನಿಲ್ಲಿಸ್ಬೇಕಿತ್ತು.” ನೀವು ಹೋದರೆ ನೆನಪಿರಲಿ. ಟೋಪಿಯೂ ಇರಲಿ.

ಅಜ್ಜಿಯೇ ನೀರು, ತೆಂಗಿನ ನಾರು ಕೊಟ್ಟರು. ನಾನು ಕಾರು ಉಜ್ಜುತ್ತಿದ್ದೆ, ಮಾವ ಜಗಲಿ ಮೇಲೆ ಕೂತು ಮಾತಿಗಿಳಿದರು. ಈ ಹುಣಸೆಹಣ್ಣು ಇದೇ ಮರದ್ದಾ ಅಂತ ಕೇಳಿದರು.

“ಇಲ್ಲ ಇಲ್ಲ. ಇದು ಹೊಲದ ಮರದ್ದು. ಗೂಡಿರೋ ಮರ ಬಡಿಯಾಕಿಲ್ಲ. ಕೋಲು ಹಾಕಿದ್ರೆ ಮರಿ ಉದುರ್ತವಲ್ಲ.”

“ಹಾಗಾದ್ರೆ ಆ ಹಣ್ಣೆಲ್ಲ?”

“ಹೋಯ್ತದೆ. ಅರಣ್ಯದೋರು ಮರಕ್ಕೆ ಇಷ್ಟು ಅಂತ ಕೊಡ್ತಾರೆ. ಹುಣಸೆಹಣ್ಣಿನ ರೇಟು ವರ್ಷ ವರ್ಷ ಏರ್ತದೆ, ಅದು ಏರಾಕಿಲ್ಲ.”

ಈ ಊರಿನ ಸುದ್ದಿಯನ್ನು 1970ರ ದಶಕದಲ್ಲಿ ಹೊರಗಿನವರಿಗೆ ತಿಳಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. ಮರದ ಮಾಲೀಕರಿಗೆ ಹಣ ಕೊಡುವ ಏರ್ಪಾಡು ಶುರುವಾದದ್ದೂ ಆ ಕಾಲದಲ್ಲೇ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಆದರೆ ಹಕ್ಕಿಗೂ ಊರಿಗೂ ನಂಟು ಅದಕ್ಕಿಂತ ಬಹಳ ಹಿಂದಿನದು. ಮೊದಲು ಊರು ಶಿಂಷಾ ಹೊಳೆ ದಂಡೆಯಲ್ಲಿತ್ತಂತೆ. ಪ್ಲೇಗ್ ಬಂದು ಜನ ಈಚೆಗೆ ಎದ್ದು ಬಂದರು, ಹಕ್ಕಿಗಳೂ ಹಿಂದೆಯೇ ಬಂದವು ಅಂತ ಇಲ್ಲಿನವರು ಹೇಳುತ್ತಾರೆ.

ನನಗೆ ಹಿಡಿಸಿದ್ದು ಗೊಬ್ಬರದ ಲೆಕ್ಕ. ಹಿಂದೆ ಕೆರೆ ಗೋಡು ತಂದು ಗೂಡಿರುವ ಮರದ ಬುಡದಲ್ಲಿ ಹರಡುತ್ತಿದ್ದರು. ನಾಲ್ಕೈದು ತಿಂಗಳು ಹಿಕ್ಕೆ, ಮೀನಿನ ಚೂರು ಎಲ್ಲ ಅದರ ಮೇಲೆ ಬೀಳೋದು. ಮಳೆಗೆ ಮೊದಲು ಆ ಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯೋರು. ಹುಣಸೆಹಣ್ಣು ಹೋದರೂ ರಾಗಿ ಬರೋದು. “ಈಗ ಯಾರು ಹೊರ್ತಾರೆ? ಮೂಟೆ ಗೊಬ್ಬರ ತಂದು ಎರಚ್ತಾರೆ” ಅಂದರು ಅಜ್ಜಿ. ಹಕ್ಕಿ ಕೊಡುವುದನ್ನು ಊರು ತೆಗೆದುಕೊಳ್ಳೋದು ಕಡಿಮೆಯಾಗಿದೆ, ಊರು ಹಕ್ಕಿಗಾಗಿ ಹುಣಸೆಹಣ್ಣು ಬಿಟ್ಟುಕೊಡುವುದು ಮಾತ್ರ ಹಾಗೇ ಇದೆ.

ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುವ ಮಾತನ್ನೂ ಅಜ್ಜಿ ಹೇಳಿದರು. ಬಂದವರಿಗೆಲ್ಲ ಹೇಳಿ ಹೇಳಿ ನುಣುಪಾದ ಮಾತು ಅದು. ಮಾವ ನನ್ನ ಕಾರು ತೋರಿಸಿ, “ಮಗಳು ಮೀನೂ ತಂದಿದ್ದಾಳೆ” ಅಂದರು.

ಗೂಡಿನಿಂದ ಬಿದ್ದ ಮರಿಗಳನ್ನು ಸಾಕೋದಕ್ಕೆ ಊರಲ್ಲಿ ಜಾಲರಿ ಹಾಕಿದ ಒಂದು ಆವರಣ ಇದೆ. 1990ರ ದಶಕದಲ್ಲಿ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡು ಶುರು ಮಾಡಿದ ಕೆಲಸ ಇದು. ನಾವು ಹೋದಾಗ ಒಳಗೆ ಎರಡು ಮರಿ ಇದ್ದವು. ಮೀನಿನ ಬಕೆಟ್ ಸದ್ದಾದರೆ ಸಾಕು, ರೆಕ್ಕೆ ಬಿಚ್ಚಿ ಓಡಿ ಬರುತ್ತಿದ್ದವು. 2017ರ ಕೊನೆಯಲ್ಲಿ ಶುರುವಾಗಿ ಮುಂದಿನ ವರ್ಷದವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಮೇಲೊಂದು ಸತ್ತು ಬಿದ್ದವು. ಮೀನಿನ ಮೂಲಕ ಹೊಟ್ಟೆ ಸೇರಿದ ದುಂಡುಹುಳದ ಕಾಟ. ಊರವರು ಮರವನ್ನು ಎಷ್ಟು ಕಾದರೂ ಮೀನು ಬರೋದು ಸುತ್ತಲಿನ ಕೆರೆ, ಹೊಳೆಗಳಿಂದ. ಅಲ್ಲಿನ ನೀರು ಕೆಟ್ಟರೆ ಇಲ್ಲಿನ ಮರ ಏನು ಮಾಡುತ್ತೆ?

ಕತ್ತಲಾಗೋ ಹೊತ್ತಿಗೆ ಮಾವನ ಷಡ್ಡಕರ ಮನೆ ಸೇರಿದೆವು, ಮಳವಳ್ಳಿ ರಸ್ತೆಯ ಒಂದು ಸಣ್ಣ ಊರು. ಬಿಸಿ ಮುದ್ದೆ, ದಂಟು ಸೊಪ್ಪಿನ ಉಪ್ಸಾರು, ಪಕ್ಕದಲ್ಲಿ ಖಾರ. ಎರಡನೇ ಮುದ್ದೆಗೆ ಬೇಡ ಅನ್ನೋ ಅಷ್ಟರಲ್ಲಿ ತಟ್ಟೆಗೆ ಬಿದ್ದಿತ್ತು.

ಅವರದ್ದು ರೇಷ್ಮೆ. ಮನೆ ಪಕ್ಕದಲ್ಲೇ ಹುಳದ ಮನೆ. ನಾನು ಜಗಲಿಯಲ್ಲಿ ಮಲಗೋದಕ್ಕೆ ಹಾಸಿಗೆ ಹಾಸಿಕೊಂಡೆ. ಸೊಳ್ಳೆ ವಿಪರೀತ. ಬ್ಯಾಗಿನಿಂದ ಸೊಳ್ಳೆ ಬತ್ತಿ ತೆಗೆದು ಹಚ್ಚಿದೆ. ಒಂದು ನಿಮಿಷ ಆಗಿಲ್ಲ, ಒಳಗಿನಿಂದ ಷಡ್ಡಕರ ಹೆಂಡತಿ ಓಡಿ ಬಂದರು. ಬತ್ತಿಯನ್ನು ಕಿತ್ತು ನೀರಿನ ಬಕೆಟ್‌ಗೆ ಅದ್ದಿದರು. “ಅಯ್ಯೋ, ನಾಲ್ಕನೇ ಜ್ವರ ಎದ್ದವೆ ಕಣಪ್ಪ! ಈ ಹೊಗೆ ತಾಕಿದ್ರೆ ಅಷ್ಟೂ ಹೋಯ್ತವೆ!”

ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಗೂಡು ಕಟ್ಟುತ್ತೆ. ತಿಂಗಳ ದುಡಿಮೆಯೆಲ್ಲ ಆ ಕೊನೇ ಎಂಟು ಹತ್ತು ದಿನದಲ್ಲಿ ನಿಂತಿರುತ್ತದೆ, ನಾನು ಅದರ ಪಕ್ಕ ವಿಷದ ಹೊಗೆ ಹಾಕಿದ್ದೆ. ನಾಚಿಕೆಯಿಂದ ಸೊಳ್ಳೆ ಕಚ್ಚಿಸಿಕೊಂಡೇ ಮಲಗಿದೆ.

ಎರಡನೇ ದಿನ: ಗೂಬೆಯ ಉಂಡೆ, ಬೆಟ್ಟದ ಕಟ್ಟೆ, ಆನೆಯ ದಾರಿ

ಬೆಳಿಗ್ಗೆ ಷಡ್ಡಕರು ಹುಳದ ಮನೆ ತೋರಿಸಿದರು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ನೀರು, ಕಾಲು ಅದ್ದಿಯೇ ಒಳಗೆ ಹೋಗಬೇಕು. ರೇಷ್ಮೆ ಹುಳ ಔಷಧಿಯ ಗಾಳಿ ತಾಕಿದರೂ ಸಾಯುತ್ತೆ. ಹಾಗಾಗಿ ಹಿಪ್ಪುನೇರಳೆ ತೋಟಕ್ಕೆ ಯಾವಾಗಂದರೆ ಆವಾಗ ಔಷಧಿ ಹೊಡೆಯೋಕಾಗಲ್ಲ. ಹೊಡೆದರೆ ಅದರ ಘಾಟು ಇಳಿಯುವವರೆಗೆ ಆ ಸೊಪ್ಪು ಕೊಡುವ ಹಾಗಿಲ್ಲ. ಪಕ್ಕದ ಹೊಲದವನು ಟೊಮೇಟೊಗೆ ಹೊಡೆದು ಗಾಳಿ ಈ ಕಡೆ ಬೀಸಿದರೆ ಪಂಚಾಯ್ತಿಯೇ ಸೇರುತ್ತೆ. “ಹಕ್ಕಿ ಸಾಯ್ತವೆ ಅಂದ್ರೆ ಒಬ್ಬನೂ ಕೇಳಲ್ಲ. ಹುಳ ಸಾಯ್ತವೆ ಅಂದ್ರೆ ಇಡೀ ಊರು ಕೇಳ್ತದೆ” ಅಂದರು. ಅವರ ತೋಟದ ಸಾಲಿನಲ್ಲಿ ನಡೆದರೆ ಪ್ರತಿ ಹೆಜ್ಜೆಗೂ ಜೇಡರ ಬಲೆ ಮುಖಕ್ಕೆ ಹತ್ತುತ್ತಿತ್ತು. ಕಾಜಾಣ ಒಂದು ತಂತಿ ಮೇಲಿಂದ ಇಳಿದು, ಹುಳ ಹಿಡಿದು, ಮತ್ತೆ ಅದೇ ಜಾಗಕ್ಕೆ ಹೋಗಿ ಕೂರುತ್ತಿತ್ತು. ಈ ಊರಿನ ಹಕ್ಕಿಗಳ ಪಾಲಿಗೆ ರೇಷ್ಮೆ ಹುಳಕ್ಕಿಂತ ದೊಡ್ಡ ಕಾವಲುಗಾರ ಇಲ್ಲ ಅನ್ನಿಸಿತು.

ತೋಟದ ಆಚೆ ಒಂದು ಪಾಳು ಪಂಪ್‌ಹೌಸ್. ಒಳಗೆ ಕಣಜ ಗೂಬೆ ಇದೆ ಅಂತ ಮೆಲ್ಲಗೆ ಕರೆದುಕೊಂಡು ಹೋದರು. ಗೂಬೆ ಅಂದರೆ ಅಪಶಕುನ ಅಂತ ಇವರ ತಾಯಿ ಓಡಿಸೋದಕ್ಕೆ ಹೇಳಿದ್ದರಂತೆ. ಇವರು ಹೂಂ ಅಂದು ಬಾಗಿಲು ಎಳೆದು ಬಂದಿದ್ದಾರೆ, ಆರು ವರ್ಷದಿಂದ. ಒಳಗೆ ಕತ್ತಲು, ಮೂಲೆಯಲ್ಲಿ ಹೃದಯದ ಆಕಾರದ ಒಂದು ಬಿಳೀ ಮುಖ. ನಮ್ಮನ್ನು ನೋಡಿ ಅತ್ತಿತ್ತ ತೂಗಾಡಿತು, ಉಸ್ಸ್ ಅಂತು. ಅಷ್ಟಕ್ಕೇ ಹಿಂದೆ ಸರಿದೆವು.

ಬಾಗಿಲ ಬಳಿ ನೆಲದ ಮೇಲೆ ಹೆಬ್ಬೆರಳಷ್ಟು ದಪ್ಪದ ಕರೀ ಉಂಡೆಗಳು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ, ಕೂದಲನ್ನು ಹೀಗೆ ಉಂಡೆ ಮಾಡಿ ಉಗುಳುತ್ತದೆ. ಮಾವ ಒಂದನ್ನು ಕಾಗದದ ಮೇಲಿಟ್ಟು ಕಡ್ಡಿಯಿಂದ ಬಿಡಿಸಿದರು. ಬೂದು ಕೂದಲು, ಸೂಜಿಯಂಥ ಪಕ್ಕೆಲುಬು, ಆಮೇಲೆ ಒಂದು ಪುಟ್ಟ ತಲೆಬುರುಡೆ. ಹಳದಿ ಬಾಚಿಹಲ್ಲು ಹಾಗೇ ಇತ್ತು. ಇನ್ನೊಂದು. ಮೂರನೆಯದು. ಒಂದೇ ಉಂಡೆಯಲ್ಲಿ ಮೂರು ಇಲಿ. ನೆಲದ ಮೇಲೆ ಅಂಥ ಉಂಡೆ ಎಷ್ಟಿದ್ದವು ಅಂತ ಎಣಿಸೋಕೆ ಹೋಗಲಿಲ್ಲ.

ಷಡ್ಡಕರು ಇಲಿ ಪಾಷಾಣ ಇಡೋದನ್ನು ಬಿಟ್ಟಿದ್ದಾರೆ. ಪಾಷಾಣ ತಿಂದು ತೂಕಡಿಸುವ ಇಲಿಯೇ ಗೂಬೆಗೆ ಮೊದಲು ಸಿಗೋದು, ಅದನ್ನು ತಿಂದ ಗೂಬೆಯ ಕತೆಯೂ ಮುಗೀತು. ಗದ್ದೆಯಲ್ಲಿ ಅಲ್ಲಲ್ಲಿ ತೆಂಗಿನ ಎಡೆಮಟ್ಟೆ ನೆಟ್ಟಿದ್ದರು. ಹಗಲು ಕಾಜಾಣ ಕೂರುತ್ತೆ, ರಾತ್ರಿ ಗೂಬೆ. ಖರ್ಚಿಲ್ಲದ ಕೆಲಸ. ಆದರೆ ತೆನೆಯಲ್ಲಿ ಹಾಲು ತುಂಬಿದ ಮೇಲೆ ಅವನ್ನು ಕಿತ್ತುಬಿಡಬೇಕಂತೆ, ಇಲ್ಲದಿದ್ದರೆ ಗಿಣಿ, ಗುಬ್ಬಿಗೂ ಅದೇ ಆಸನ.

ಹತ್ತು ಗಂಟೆಗೆ ಹೊರಟು ದಾಸನದೊಡ್ಡಿ ಕಡೆ ಹೋದೆವು. ಕಾಮೇಗೌಡರ ಊರು. ಕುರಿ ಮೇಯಿಸುತ್ತಿದ್ದ ಮನುಷ್ಯ, ಬೆಟ್ಟದ ಮೇಲೆ ಹಕ್ಕಿ, ಪ್ರಾಣಿಗೆ ಕುಡಿಯೋಕೆ ನೀರಿಲ್ಲ ಅಂತ ಕಟ್ಟೆ ತೋಡಲು ಶುರು ಮಾಡಿದರು. ಒಂದರ ನಂತರ ಒಂದು, ಹತ್ತಕ್ಕೂ ಹೆಚ್ಚು. ಕುರಿ ಮಾರಿದ ದುಡ್ಡು, ಬಂದ ಬಹುಮಾನದ ದುಡ್ಡು ಎಲ್ಲ ಅದಕ್ಕೇ ಹೋಯಿತು. 2020ರ ಜೂನ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದಾಗ ಮಂಡ್ಯದವರಿಗೆಲ್ಲ ಹೆಮ್ಮೆ. 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಬೆಟ್ಟ ಹತ್ತೋಕೆ ಬೆಳಿಗ್ಗೆ ಏಳಕ್ಕೇ ಬರಬೇಕಿತ್ತು. ಹನ್ನೊಂದರ ಬಿಸಿಲಲ್ಲಿ ಮಾವ ಮೂರು ಕಡೆ ಕೂತರು. ಮೊದಲು ಸಿಕ್ಕ ಕಟ್ಟೆಯಲ್ಲಿ ನೀರು ತಳ ಸೇರಿತ್ತು, ಸುತ್ತ ಕೆಸರು. ಆ ಕೆಸರೇ ನೋಡುವಂಥದ್ದು. ಕುರಿ ಗೊರಸಿನ ಗುರುತಿನ ಮೇಲೆ ನವಿಲಿನ ಮೂರು ಬೆರಳು, ಅದರ ಪಕ್ಕ ಹಂದಿ ಹೊರಳಾಡಿದ ಗುಂಡಿ, ಅಂಚಿನಲ್ಲಿ ಯಾವುದೋ ಸಣ್ಣ ಪಂಜ, ಮುಂಗುಸಿಯದೋ ಕಾಡುಬೆಕ್ಕಿನದೋ. ಕುರಿ ಹೊಡೆದುಕೊಂಡು ಬಂದಿದ್ದ ಹುಡುಗನನ್ನು ಕೇಳಿದೆ, ಇದರಿಂದ ಕೆಳಗಿನ ಹೊಲದವರಿಗೆ ಏನು ಲಾಭ ಅಂತ. “ಮೇಲೆ ನೀರಿದ್ರೆ ಹಂದಿ ಕೆಳಗೆ ಬರೋದು ಕಮ್ಮಿ ಅಣ್ಣ. ಬರಾಕಿಲ್ಲ ಅಂತಲ್ಲ.” ಆ ಎರಡನೇ ವಾಕ್ಯ ಸೇರಿಸಿದ್ದಕ್ಕೆ ಅವನ ಮೇಲೆ ನನಗೆ ನಂಬಿಕೆ ಬಂತು.

ಮಧ್ಯಾಹ್ನ ಹಲಗೂರು. ಹೋಟೆಲಿನ ಅನ್ನ ಸಾರು ಸುಮಾರು, ಮಜ್ಜಿಗೆ ಚೆನ್ನಾಗಿತ್ತು. ಅಲ್ಲಿಂದ ಮುತ್ತತ್ತಿ ಕಡೆ ಹೋದಂತೆ ಕಾಡು ಹತ್ತಿರ ಬರುತ್ತದೆ. ಹೊಲಗಳ ಸುತ್ತ ಸೋಲಾರ್ ತಂತಿ, ಕೆಲವು ಕಡೆ ಆನೆ ಕಂದಕ. ಷಡ್ಡಕರ ಪರಿಚಯದ ಒಬ್ಬ ಗೌಡರ ತೋಟಕ್ಕೆ ಹೋದೆವು. ಮಾವು, ಸ್ವಲ್ಪ ತೆಂಗು, ಒಂದು ಮೂಲೆಯಲ್ಲಿ ಅಟ್ಟಣೆ.

ಪ್ರಾಣಿ, ಪಕ್ಷಿ ಅಂತ ನಾನು ಉತ್ಸಾಹದಲ್ಲಿ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತೋಟದ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬಾಳೆ ಇತ್ತು, ಈಗಿಲ್ಲ. ಗಿಡಗಳು ಸಿಗಿದು ಬಿದ್ದಿದ್ದವು, ದಿಂಡಿನ ನಾರು ಹಗ್ಗದ ಹಾಗೆ ಹರಡಿತ್ತು. ಕೊಳಗದಂಥ ಹೆಜ್ಜೆ ಗುರುತು ಒಣಗಿ ಗಟ್ಟಿಯಾಗಿತ್ತು. ನನ್ನ ಎರಡೂ ಪಾದ ಒಂದರಲ್ಲಿ ಹಿಡಿಸಿದವು.

“ಗೊನೆಗೆ ಇನ್ನು ಇಪ್ಪತ್ತು ದಿನ ಇತ್ತು. ಪರಿಹಾರ ಬತ್ತದೆ, ಇಲ್ಲ ಅನ್ನಲ್ಲ. ಅದು ಬರೋಷ್ಟೊತ್ತಿಗೆ ಆನೆ ಇನ್ನೊಂದು ಸಲ ಬಂದು ಹೋಗಿರ್ತದೆ.”

ಬಾಳೆ ಬಿಟ್ಟು ಅಲ್ಲಿ ಮೆಣಸಿನಕಾಯಿ ಹಾಕ್ತಾರಂತೆ, ಆನೆ ಅದನ್ನು ಮುಟ್ಟೋದು ಕಡಿಮೆ. ಆದರೆ ನವಿಲು? ಸಸಿಯನ್ನೇ ಕುಕ್ಕಿ ಹಾಕುತ್ತೆ. ಪಕ್ಕದ ಹೊಲದಲ್ಲಿ ಅಂಗಿ ತೊಟ್ಟ ಬೆರ್ಚಪ್ಪನ ಭುಜದ ಮೇಲೆಯೇ ಒಂದು ನವಿಲು ಕೂತಿತ್ತು. ಗೌಡರು ಅದನ್ನು ತೋರಿಸಿ ನಕ್ಕರು, ಆದರೆ ಆ ನಗುವಿನಲ್ಲಿ ದಣಿವಿತ್ತು. ಗುಳಿಗೆ ಔಷಧಿ ಬೆರೆಸಿದ ಕಾಳು ಎರಚಿ ನವಿಲು ಕೊಲ್ಲುವವರೂ ಇದ್ದಾರೆ ಅಂತ ಅವರೇ ಹೇಳಿದರು. “ನಂಗೆ ಆ ಮನಸ್ಸು ಬರಲಿಲ್ಲ. ಬಂದಿದ್ರೆ ಬಾಳೆ ದುಡ್ಡು ಉಳೀತಿತ್ತು ಅಂತಲೂ ಅಲ್ಲ.” ಅವರ ಮುಂದೆ ವನ್ಯಜೀವಿ ಉಳಿಸಿ ಅನ್ನೋ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಸಂಜೆ ಐದೂವರೆಗೆ ಅವರೇ ನಮ್ಮನ್ನು ಹೊರಡಿಸಿದರು. ಕತ್ತಲಾದ ಮೇಲೆ ಈ ರಸ್ತೆ ಬೇಡ, ಬೈಕಿನಲ್ಲಂತೂ ಬೇಡವೇ ಬೇಡ ಅಂದರು. ವಾಪಸ್ ಬರುವಾಗ ಹತ್ತು ನಿಮಿಷ ದಪ್ಪ ಹನಿ ಮಳೆ. ಕಾರಿನ ಕಿಟಕಿ ಒಂದು ಏರಲಿಲ್ಲ, ಮಾವನ ಎಡಗೈ ತೋಳು ಪೂರ್ತಿ ನೆನೆಯಿತು. ಮಳೆ ಬಿದ್ದದ್ದೇ ಬಾನೆಟ್‌ನಿಂದ ಮೀನಿನ ವಾಸನೆ ಮತ್ತೆ ಎದ್ದಿತು.

ಮೂರನೇ ದಿನ: ಕಿರುಗಾವಲು, ಬನ್ನೂರು

ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿ 
ಕಾಪಾಡಿಕೊಂಡು ಬಂದಿದ್ದಾರೆ, ಮನೆಯಲ್ಲೇ ಭತ್ತದ ಮ್ಯೂಸಿಯಂ ಮಾಡಿದ್ದಾರೆ ಅಂತ ಮಾವನಿಗೆ ನೋಡುವ ಆಸೆ. ಟಿಪ್ಪು ಕಾಲದಿಂದ ಬಂದದ್ದು ಅನ್ನುವ ಅವರ ಮಾವಿನ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವಿದೆ. ನಾವು ಮೊದಲೇ ಹೇಳದೆ ಸುಮ್ನೆ ಹೋದೆವು, ಭೇಟಿಯಾಗಲಿಲ್ಲ. ತಪ್ಪು ನಮ್ಮದೇ. ಊರಾಚೆ ಒಂದು ಹಳೇ ಮಾವಿನ ಮರದ ಕೆಳಗೆ ಎಳನೀರು ಕುಡಿದು ಹೊರಟೆವು. ಆ ಮರದ ಪೊಟರೆಯೊಂದರಿಂದ ಗಿಣಿ ಇಣುಕಿತು, ಇನ್ನೊಂದರಿಂದ ಹಾಲಕ್ಕಿ. ಕಸಿ ಗಿಡದ ತೋಟದಲ್ಲಿ ಇಂಥ ಪೊಟರೆ ಎಲ್ಲಿಂದ ಬರಬೇಕು ಅಂದರು ಮಾವ.

ಹನ್ನೊಂದಕ್ಕೆ ನಮ್ಮ ಜಮೀನಿನಲ್ಲಿದ್ದೆವು. ಮೊಣಕಾಲುದ್ದ ತರಗು, ಕಾಲಿಟ್ಟರೆ ಚರಚರ. ಜಮೀನು ಮಾಡುವವರು, ಅವರ ಹೆಂಡತಿ ಇಬ್ಬರೂ ಬದುವಿನ ಮೇಲೆ ಕಾಯುತ್ತಿದ್ದರು. ಬೆಂಕಿ ಯಾಕೆ ಬೇಕು ಅಂತ ಅವರನ್ನೇ ಕೇಳಿದೆ. ಲೆಕ್ಕ ಅವರ ನಾಲಿಗೆ ತುದಿಯಲ್ಲಿತ್ತು. ಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ಜಮೀನು ಚೊಕ್ಕಟ. ಕೂಳೆ, ಅಂದರೆ ಕಡಿದ ಕಬ್ಬಿನ ಬುಡ, ಸವರಿ ನೀರು ಬಿಡಬಹುದು. ಬೆಂಕಿ ಹಾಕದಿದ್ದರೆ ತರಗನ್ನು ಸಾಲು ಬಿಟ್ಟು ಸಾಲಿಗೆ ಎಳೆದು ಹರಡಬೇಕು, ಅದಕ್ಕೆ ಆಳು. ಆಳು ಎಲ್ಲಿ? ತರಗಿನಲ್ಲಿ ಹಾವು. ಇಲಿ ಬೇರೆ.

“ಮೇಲಾಗಿ ಚಿರತೆ” ಅಂದರು ಅವರ ಹೆಂಡತಿ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ಇದೇ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಸತ್ತಿದ್ದಾರೆ. ಕಬ್ಬಿನ ಗದ್ದೆ ಚಿರತೆಗೆ ಕಾಡಿನಷ್ಟೇ ಒಳ್ಳೇ ಮರೆ. ಕಡಿಯುವಾಗ ಮರಿ ಸಿಕ್ಕಿದ ಸುದ್ದಿ ಮಂಡ್ಯ, ಮೈಸೂರು ಕಡೆ ಪ್ರತಿ ವರ್ಷ ಪೇಪರಿನಲ್ಲಿ ಇದ್ದೇ ಇರುತ್ತದೆ. ಮೊಣಕಾಲುದ್ದ ತರಗಿನಲ್ಲಿ ಚಿರತೆ ಅಡಗೋದಿಲ್ಲ ಅಂತ ಹೇಳಬಹುದಿತ್ತು. ಮುಂಜಾನೆ ಒಬ್ಬರೇ ನೀರು ಕಟ್ಟೋಕೆ ಬರುವವರಿಗೆ ಅದನ್ನು ಹೇಳೋದಕ್ಕೆ ನನಗೆ ಬಾಯಿ ಬರಲಿಲ್ಲ.

ಮಾವ ಕೂತು ತರಗು ಸರಿಸಿದರು. ಮೇಲಿನದು ಗರಗರ ಒಣಗಿತ್ತು, ಒಂದು ಗೇಣು ಕೆಳಗೆ ಮಣ್ಣು ತಣ್ಣಗೆ, ಒದ್ದೆಯಾಗಿತ್ತು. ಎರೆಹುಳ ಒಂದು ಬೆಳಕಿಗೆ ಮೈ ಮುದುರಿತು. ಕಪ್ಪೆಮರಿ ಹಾರಿತು. ಕೆಂಪು ಜೀರುಂಡೆ, ಯಾವುದೋ ಮೊಟ್ಟೆ, ಸಾವಿರಕಾಲಿನ ಹುಳ. “ನಾಲೇಲಿ ಸರದಿ ಮೇಲೆ ಕಟ್ಟು ನೀರು ಬಿಡ್ತಿದ್ದಾರಲ್ಲ, ಈ ತೇವ ಇದ್ರೆ ಒಂದು ಸಲದ ನೀರು ತಡೆಯಲ್ವಾ?” ಅಂದರು ಮಾವ. ಜಮೀನು ಮಾಡುವವರು ಮಣ್ಣು ಮುಟ್ಟಿ ನೋಡಿದರು. ಏನೂ ಹೇಳಲಿಲ್ಲ.

ಆಮೇಲೆ ಅವರು ಬನ್ನಿ ಅಂತ ಬದು ದಾಟಿ ತಮ್ಮದೇ ಹೊಲಕ್ಕೆ ಕರೆದುಕೊಂಡು ಹೋದರು. ಉತ್ತು ಬಿಟ್ಟಿದ್ದ ಹೊಲ. ಮಧ್ಯದಲ್ಲಿ ಚಾಪೆಯಷ್ಟು ಜಾಗ ಮಾತ್ರ ಉಳದೆ ಹಾಗೇ ಇತ್ತು, ನೇಗಿಲ ಸಾಲು ಅದನ್ನು ಬಳಸಿಕೊಂಡು ಹೋಗಿತ್ತು. ಹತ್ತಿರ ಹೋಗುತ್ತಿದ್ದಂತೆ ಟಿಟ್ಟಿಭ ಎರಡು ಕಿರುಚುತ್ತಾ ತಲೆ ಮೇಲೆ ಎರಗಿದವು. ಅಲ್ಲೇ ನಿಂತೆವು. ಮೊದಲು ಏನೂ ಕಾಣಲಿಲ್ಲ. ಬೆರಳು ತೋರಿಸಿದ ಕಡೆ ದಿಟ್ಟಿಸಿದ ಮೇಲೆ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ, ಚೂಪು ತುದಿ ಒಳಗೆ ಮಾಡಿ ಜೋಡಿಸಿಟ್ಟ ಹಾಗೆ.

“ಟ್ರ್ಯಾಕ್ಟರ್‌ನೋನು ಬೈದ. ಸುತ್ತು ಹಾಕೋಕೆ ಡೀಸೆಲ್ ನಿಮ್ಮಪ್ಪ ಕೊಡ್ತಾನಾ ಅಂದ” ಅಂದರು. “ಗೂಡು ಉತ್ತರೆ ಒಳ್ಳೇದಾಗಲ್ಲ.”

ತರಗಿಗೆ ಬೆಂಕಿ ಕೊಡೋದಕ್ಕೆ ಬುಧವಾರದಿಂದ ಕಾಯುತ್ತಿರುವ ಮನುಷ್ಯ ಇವರೇ. ಮಾವ ನನ್ನ ಮುಖ ನೋಡಿದರು, ನಾನು ಮಾವನ ಮುಖ.

ಮಾತು ಸಂಜೆವರೆಗೆ ಎಳೆಯಿತು. ಕೊನೆಗೆ ದಾರಿ ಹುಡುಕಿದ್ದು ಅವರ ಹೆಂಡತಿ. “ಇಪ್ಪತ್ತು ಗುಂಟೇಲಿ ಬೆಂಕಿ ಹಾಕದೆ ನೋಡಾನ. ಮನೆ ಕಡೆ ಇರೋದ್ರಲ್ಲಿ ಬ್ಯಾಡ, ನಾಲೆ ಕಡೇದ್ರಲ್ಲಿ.” ಹರಡೋ ಕೂಲಿ ನಂದು ಅಂದೆ. ಇಳುವರಿ ಕಡಿಮೆಯಾದರೆ ಆ ನಷ್ಟ ನನ್ನ ಪಾಲಿಗೆ ಅಂತಲೂ ಮಾವ ನನ್ನ ಪರವಾಗಿ ಒಪ್ಪಿಬಿಟ್ಟರು. ಉಳಿದ ಒಂದು ಎಕರೆಗೆ ಬೆಂಕಿ. ಒಂದೇ ಕಡೆಯಿಂದ ಹಚ್ಚಿ, ನಾಲೆ ಬದಿ ತೆರೆದಿರಲಿ, ಒಳಗಿದ್ದದ್ದು ಆ ಕಡೆ ಓಡಿ ಹೋಗಲಿ ಅಂತ ಕೇಳಿಕೊಂಡೆ. ಅದಕ್ಕೆ ತಕ್ಷಣ ಹೂಂ ಅಂದರು.

ಹೊರಡುವ ಹೊತ್ತಿಗೆ ಆಚೆ ಜಮೀನಿನವರು ತಮ್ಮ ತರಗಿಗೆ ಬೆಂಕಿ ಹಚ್ಚಿದ್ದರು. ಪಟಪಟ ಸದ್ದು, ಕಂದು ಹೊಗೆ. ಹೊಗೆಯ ಅಂಚಿನಲ್ಲಿ ಹಕ್ಕಿಗಳ ಜಾತ್ರೆ. ಕಾಜಾಣ, ಗೊರವಂಕ, ನಾಲ್ಕೈದು ಹದ್ದು, ಕಂಬದ ಮೇಲೆ ಒಂದು ನೀಲಕಂಠ. ಬೆಂಕಿಗೆ ಹೆದರಿ ಹಾರುವ ಮಿಡತೆ, ಓಡುವ ಇಲಿಗಳನ್ನು ಹಿಡಿಯುತ್ತಿದ್ದವು. ದೂರದಿಂದ ನೋಡಿದವರು ಈ ಜಮೀನಿನವರೇ ಹಕ್ಕಿ ಸಾಕುವವರು ಅಂದುಕೊಳ್ಳಬೇಕು, ಹಾಗಿತ್ತು. ಮಾವ ಕಾಜಾಣ ಎಣಿಸಿದರು. ಹದಿನೇಳು. ನಮ್ಮ ಇಪ್ಪತ್ತು ಗುಂಟೆ ಮೇಲೆ ಒಂದೂ ಇರಲಿಲ್ಲ.

ರಾತ್ರಿ ಎಂಟಕ್ಕೆ ಮನೆ. ಬಾಗಿಲು ತೆಗೆದ ಹೆಂಡತಿ ಮೊದಲು ಮೂಗು ಮುಚ್ಚಿಕೊಂಡಳು, ಆಮೇಲೆ ನಮ್ಮ ಕೈ ನೋಡಿದಳು. “ಮೀನು ತಂದ್ರಾ?”

“ಕೊಟ್ಟಿದ್ದರು ಕಣಮ್ಮ, ಅಲ್ಲೇ ಬಿಟ್ಟು ಬಂದ್ವಿ” ಅಂದರು ಮಾವ, ಚಪ್ಪಲಿ ಬಿಡುತ್ತಾ.